ಚಿಲಕ, ನಲ್ಲಿ, ಮಗ್ಗಿನ ಹಿಡಿ: ಮನೆಯೊಳಗೆ ವೈರಸ್ ಓಡಾಡುವ ದಾರಿ ಮುಚ್ಚುವುದು ಹೇಗೆ?

ಮೈಸೂರಿನ ಕುವೆಂಪುನಗರದಲ್ಲಿ, ನಮ್ಮ ಮನೆಯ ಕೆಳಗಿನ ಭಾಗದಲ್ಲೇ ಒಂದು ಸಣ್ಣ ಡೇ ಕೇರ್ ನಡೆಸುತ್ತೇನೆ. ಒಂದೂವರೆ ವರ್ಷದಿಂದ ಐದು ವರ್ಷದವರೆಗಿನ ಹತ್ತು-ಹನ್ನೆರಡು ಮಕ್ಕಳು. ಈ ವಯಸ್ಸಿನವರ ಕೈ ಎಲ್ಲೆಲ್ಲಿ ಹೋಗುತ್ತದೆ ಎಂದು ಮಕ್ಕಳಿರುವ ಮನೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಮಗುವಿಗೆ ವಾಂತಿ-ಭೇದಿ ಶುರುವಾಯಿತು ಅಂದರೆ ಎರಡು-ಮೂರು ದಿನದಲ್ಲಿ ಪಕ್ಕದಲ್ಲಿ ಮಲಗಿದ್ದ ಮಗುವಿಗೆ, ನಮ್ಮ ಆಯಾಗೆ, ಅಲ್ಲಿಂದ ಅವರವರ ಮನೆಯ ಅಜ್ಜ-ಅಜ್ಜಿಗೆ.

ಮಗುವನ್ನು ಸೇರಿಸಲು ಬರುವವರೆಲ್ಲ ಕೇಳುವ ಪ್ರಶ್ನೆ ಒಂದೇ: "ಆಂಟಿ, ದಿನಾ ಫಿನಾಯಿಲ್ ಹಾಕಿ ಒರೆಸ್ತೀರಾ?" ಒರೆಸುತ್ತೇವೆ. ಆದರೆ ಬಾತ್‌ರೂಮಿನ ಚಿಲಕ ಒರೆಸ್ತೀರಾ ಎಂದು ಇವತ್ತಿನವರೆಗೆ ಯಾರೂ ಕೇಳಿಲ್ಲ. ನನ್ನನ್ನು ಕೇಳಿದರೆ ಮನೆ ತುಂಬ ಉಜ್ಜಿ ಸುಸ್ತಾಗುವ ಅಗತ್ಯವಿಲ್ಲ. ಕೈ ಮುಟ್ಟುವ ಕೆಲವೇ ಜಾಗ, ದಿನದ ಕೆಲವೇ ಹೊತ್ತು, ಇಷ್ಟನ್ನು ಬಿಗಿಯಾಗಿ ಹಿಡಿದರೆ ಬಹಳಷ್ಟು ಕೆಲಸ ಆಗುತ್ತದೆ.

ವೈರಸ್ಸಿನಲ್ಲಿ ಎರಡು ಜಾತಿ

ವೈರಸ್ ಮೇಜಿನ ಮೇಲೆ, ನೆಲದ ಮೇಲೆ ಬೆಳೆಯುವುದಿಲ್ಲ. ಬೆಳೆಯಲು ಅದಕ್ಕೆ ಜೀವಂತ ಕೋಶ ಬೇಕು. ಹೊರಗೆ ಬಿದ್ದದ್ದು ಸುಮ್ನೆ ಕಾದಿರುತ್ತದೆ, ಅಷ್ಟೇ. ಎಷ್ಟು ಹೊತ್ತು ಕಾಯಬಲ್ಲದು, ಯಾವುದಕ್ಕೆ ಸಾಯುತ್ತದೆ ಎನ್ನುವುದು ಬಹುಮಟ್ಟಿಗೆ ಅದರ ಮೈಮೇಲಿನ ಹೊದಿಕೆಯನ್ನು ಅವಲಂಬಿಸಿದೆ.

ಫ್ಲೂ ಮತ್ತು ಕೊರೊನಾ ವೈರಸ್‌ಗೆ ಸುತ್ತ ಒಂದು ಕೊಬ್ಬಿನ ಪದರ ಇರುತ್ತದೆ. ಸೋಪು ತಾಗಿದರೆ ಆ ಪದರ ಒಡೆಯುತ್ತದೆ, ವೈರಸ್ ಕೆಲಸಕ್ಕೆ ಬಾರದಂತಾಗುತ್ತದೆ. ಸ್ಯಾನಿಟೈಸರ್ ಕೂಡ ಇವಕ್ಕೆ ಸಾಕು. ಫ್ಲೂ ವೈರಸ್ ಸ್ಟೀಲು, ಪ್ಲಾಸ್ಟಿಕ್ ಮೇಲೆ 24ರಿಂದ 48 ಗಂಟೆ ಉಳಿಯಬಲ್ಲದು, ಬಟ್ಟೆ-ಕಾಗದದ ಮೇಲೆ 8ರಿಂದ 12 ಗಂಟೆ ಎಂದು 1982ರಲ್ಲಿ ಪ್ರಕಟವಾದ ಒಂದು ಪ್ರಯೋಗ ತೋರಿಸಿತ್ತು. ಕೈ ಮೇಲೆ ಮಾತ್ರ ಬರೀ 5 ನಿಮಿಷ.

ಎರಡನೇ ಜಾತಿಗೆ ಕೊಬ್ಬಿನ ಪದರವೇ ಇಲ್ಲ. ವಾಂತಿ-ಭೇದಿ ತರುವ ನೊರೊವೈರಸ್ ಮತ್ತು ರೋಟಾವೈರಸ್, ಕೈ-ಕಾಲು-ಬಾಯಿ ರೋಗ ತರುವ ಕಾಕ್ಸಾಕಿ, ಕೆಂಗಣ್ಣು ತರುವ ಅಡಿನೊವೈರಸ್, ಕಾಮಾಲೆಯ ಹೆಪಟೈಟಿಸ್ ಎ ಎಲ್ಲ ಈ ಗುಂಪಿನವು. ಇವು ಬಲು ಗಟ್ಟಿ. ಆಟಿಕೆ, ನಲ್ಲಿ, ಚಿಲಕದ ಮೇಲೆ ದಿನಗಟ್ಟಲೆ ಇರುತ್ತವೆ, ಕೆಲವು ವಾರಗಟ್ಟಲೆ. ಸೋಪು ಇವನ್ನು ಕೊಲ್ಲುವುದಿಲ್ಲ. ಚರ್ಮದಿಂದ ಬಿಡಿಸುತ್ತದೆ, ನೀರು ಕೊಚ್ಚಿಕೊಂಡು ಹೋಗುತ್ತದೆ. ಅದಕ್ಕೇ ಉಜ್ಜಬೇಕು, ಅದಕ್ಕೇ ಹರಿಯುವ ನೀರು ಬೇಕು. ನೊರೊವೈರಸ್ ಅಂತೂ ಹತ್ತಾರು ಕಣ ಹೊಟ್ಟೆಗೆ ಹೋದರೆ ಸಾಕು, ಕಾಯಿಲೆ ಗ್ಯಾರಂಟಿ ಎನ್ನುವಷ್ಟು ಚುರುಕು.

ಮಕ್ಕಳಿರುವ ಮನೆಯಲ್ಲಿ ವಸ್ತುಗಳ ಮೂಲಕ ಹೆಚ್ಚಾಗಿ ಹರಡುವುದು ಈ ಎರಡನೇ ಜಾತಿಯೇ. ವಿಚಿತ್ರ ಅಂದರೆ ನಾವು ಎಲ್ಲರೂ ಎದ್ದುಬಿದ್ದು ವಸ್ತುಗಳನ್ನು ತೊಳೆದದ್ದು ಮೊದಲನೇ ಜಾತಿಗೆ ಸೇರಿದ ಕೊರೊನಾಗಾಗಿ. 2020ರ ಮಾರ್ಚ್‌ನಲ್ಲಿ ಬಂದ ಪ್ರಯೋಗವೊಂದರಲ್ಲಿ ಆ ವೈರಸ್ ಪ್ಲಾಸ್ಟಿಕ್ ಮೇಲೆ 72 ಗಂಟೆಯವರೆಗೂ, ರಟ್ಟಿನ ಮೇಲೆ 24 ಗಂಟೆಯವರೆಗೂ ಸಿಕ್ಕಿತ್ತು. ಹಾಲಿನ ಪ್ಯಾಕೆಟ್ಟಿಗೆ ಸ್ನಾನ ಮಾಡಿಸಿದ್ದು, ಪೇಪರ್ ನಿಲ್ಲಿಸಿದ್ದು, ಕೊತ್ತಂಬರಿ ಸೊಪ್ಪಿಗೆ ಸೋಪು ಹಾಕಿದ್ದು ಎಲ್ಲ ಆಮೇಲೆ. 2021ರ ಏಪ್ರಿಲ್ ಹೊತ್ತಿಗೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಸೋಂಕಿರುವ ವಸ್ತುವನ್ನು ಮುಟ್ಟಿದರೂ ಕಾಯಿಲೆ ತಗಲುವ ಸಂಭವ ಸಾಮಾನ್ಯವಾಗಿ 10,000ದಲ್ಲಿ 1ಕ್ಕಿಂತ ಕಡಿಮೆ ಎಂದು ಹೇಳಿತು. ಕೊರೊನಾ ಮುಖ್ಯವಾಗಿ ಗಾಳಿಯ ಸಂಗತಿ. ಅದಕ್ಕೆ ಕಿಟಕಿ ತೆರೆಯಿರಿ. ತರಕಾರಿಗೆ ಬರೀ ನೀರು ಸಾಕು, ಸೋಪು ಹೊಟ್ಟೆಗೆ ಹೋಗುವ ವಸ್ತುವಲ್ಲ.

ಬಾತ್‌ರೂಮಿನಿಂದ ಶುರು ಮಾಡಿ

ನಮ್ಮ ಕಡೆಯ ಬಹಳ ಮನೆಗಳ ನಕ್ಷೆಯನ್ನೇ ಒಮ್ಮೆ ನೋಡಿ. ಟಾಯ್ಲೆಟ್ ಒಳಗೆ, ವಾಶ್ ಬೇಸಿನ್ ಹೊರಗೆ ಊಟದ ಕೋಣೆಯಲ್ಲಿ. ಸೋಪು ಇರುವುದು ಬೇಸಿನ್ ಹತ್ತಿರ. ಈಗ ಒಳಗೆ ಹೋದವರು ನೀರಿನಲ್ಲಿ ತೊಳೆದುಕೊಂಡು, ಮಗ್ಗು ಇಟ್ಟು, ಫ್ಲಶ್ ಒತ್ತಿ, ಬಟ್ಟೆ ಸರಿ ಮಾಡಿಕೊಂಡು, ಚಿಲಕ ತೆಗೆದು, ಲೈಟ್ ಆರಿಸಿ, ಆಮೇಲೆ ಬೇಸಿನ್ನಿನ ನಲ್ಲಿ ತಿರುಗಿಸುತ್ತಾರೆ. ಸೋಪು ಕೈಗೆ ಸಿಗುವ ಹೊತ್ತಿಗೆ ಆರು ಜಾಗ ಮುಟ್ಟಿ ಆಯಿತು. ಕೈ ತೊಳೆದವರು ಅದೇ ಕೈಯಲ್ಲಿ ಅದೇ ನಲ್ಲಿ ನಿಲ್ಲಿಸುತ್ತಾರೆ. ಇಷ್ಟೂ ಜನ "ನಾವು ತಪ್ಪದೆ ಕೈ ತೊಳೀತೀವಿ" ಎನ್ನುವವರೇ, ಮತ್ತು ಅವರು ಹೇಳುವುದು ನಿಜವೇ.

ಇದಕ್ಕೆ ಖರ್ಚೇ ಇಲ್ಲದ ಪರಿಹಾರ: ಸೋಪನ್ನು ಒಳಗೆ ಇಡಿ. ಟಾಯ್ಲೆಟ್‌ನಲ್ಲಿ ಕೂತಲ್ಲಿಂದ ಕೈಗೆ ಎಟುಕುವ ಕಡೆ. ಕೈ ಅಲ್ಲೇ ತೊಳೆದ ಮೇಲೆ ಚಿಲಕಕ್ಕೆ ಹೋಗಲಿ. ನಾನು ಸೋಪಿನ ತುಂಡುಗಳನ್ನು ಬೆಳ್ಳುಳ್ಳಿ ಬರುತ್ತದಲ್ಲ, ಆ ನೆಟ್ ಚೀಲದಲ್ಲಿ ಹಾಕಿ ನಲ್ಲಿಗೆ ಕಟ್ಟಿದ್ದೇನೆ. ಜಾರಿ ಬೀಳುವುದಿಲ್ಲ, ನೀರಿನಲ್ಲಿ ಕರಗಿ ಹೋಗುವುದಿಲ್ಲ, ಚಿಕ್ಕ ಮಕ್ಕಳಿಗೂ ನೊರೆ ಸುಲಭ. ಎಲ್ಲರೂ ಒಂದೇ ಸೋಪು ಮುಟ್ಟಿದರೆ ಪರವಾಗಿಲ್ಲವಾ ಎಂದು ಕೇಳುತ್ತಾರೆ. ಪರವಾಗಿಲ್ಲ. ಉಜ್ಜಿ ತೊಳೆದುಕೊಂಡ ಮೇಲೆ ಸೋಪಿನ ಮೇಲಿದ್ದದ್ದೂ ನೀರಿನ ಜೊತೆ ಹೋಗುತ್ತದೆ. ಲಿಕ್ವಿಡ್ ಸೋಪೇ ಬೇಕೆಂದಿಲ್ಲ.

ನಲ್ಲಿಗೂ ಒಂದು ಉಪಾಯ ಇದೆ. ಕೈಯಲ್ಲಿ ನೊರೆ ಇರುವಾಗಲೇ ನಲ್ಲಿಯ ತಿರುಪನ್ನೂ ಒಮ್ಮೆ ಉಜ್ಜಿ, ಕೈ ತೊಳೆಯುವಾಗ ಅದರ ಮೇಲೂ ನೀರು ಎರಚಿ. ನಿಲ್ಲಿಸುವಾಗ ಶುದ್ಧ ಕೈ ಶುದ್ಧ ನಲ್ಲಿಯನ್ನೇ ಮುಟ್ಟುತ್ತದೆ.

ದಿನಕ್ಕೊಮ್ಮೆ ಸೋಪು ನೀರಿನ ಬಟ್ಟೆಯಲ್ಲಿ ಒರೆಸಬೇಕಾದವು: ಮಗ್ಗಿನ ಹಿಡಿ, ಜೆಟ್ ಸ್ಪ್ರೇ ಒತ್ತುವ ಜಾಗ, ಫ್ಲಶ್ಶಿನ ಗುಂಡಿ, ಚಿಲಕದ ಒಳಗಡೆ ಮತ್ತು ಹೊರಗಡೆ, ಬಾತ್‌ರೂಮಿನ ಸ್ವಿಚ್. ಸ್ವಿಚ್‌ಗೆ ಬಟ್ಟೆ ಚೆನ್ನಾಗಿ ಹಿಂಡಿರಬೇಕು, ಕೈ ಒಣಗಿರಬೇಕು. ಒಟ್ಟು ಎರಡು ನಿಮಿಷದ ಕೆಲಸ. ಮಗ್ಗನ್ನು ಒಳಗೆ-ಹೊರಗೆ ಫಳಫಳ ತೊಳೆಯುವವರೂ ಅದರ ಹಿಡಿಯನ್ನು ಮರೆಯುತ್ತಾರೆ.

ಕೈ ತೊಳೆಯುವುದು

ನಮ್ಮ ಕೈ ನಮಗೆ ಗೊತ್ತಿಲ್ಲದಂತೆ ಮುಖಕ್ಕೆ ಹೋಗುತ್ತದೆ. ಆಸ್ಟ್ರೇಲಿಯಾದಲ್ಲಿ ಮೆಡಿಕಲ್ ವಿದ್ಯಾರ್ಥಿಗಳನ್ನು ಕ್ಯಾಮೆರಾದಲ್ಲಿ ಗಮನಿಸಿ 2015ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಗಂಟೆಗೆ ಸರಾಸರಿ 23 ಸಲ. ಡಾಕ್ಟರ್ ಆಗುವವರದ್ದೇ ಈ ಕಥೆ. "ಮುಖ ಮುಟ್ಟಬೇಡ" ಎಂದು ಮಕ್ಕಳಿಗೆ ಹೇಳುವುದನ್ನು ನಾನು ಬಿಟ್ಟೇಬಿಟ್ಟಿದ್ದೇನೆ. ಅದರ ಬದಲು ಹೊತ್ತು ಗೊತ್ತು ಮಾಡಿದ್ದೇನೆ. ಹೊರಗಿನಿಂದ ಬಂದ ತಕ್ಷಣ, ತಿನ್ನುವ ಮೊದಲು, ಟಾಯ್ಲೆಟ್ ಆದ ಮೇಲೆ, ಮೂಗು ಸೀನಿದ ಮೇಲೆ. ದೊಡ್ಡವರಿಗೆ ಇನ್ನೆರಡು: ಅಡುಗೆಗೆ ಕೈ ಹಾಕುವ ಮೊದಲು, ಡೈಪರ್ ಬದಲಿಸಿದ ಮೇಲೆ.

20 ಸೆಕೆಂಡ್ ಉಜ್ಜಬೇಕು ಎನ್ನುತ್ತಾರೆ. ಮಕ್ಕಳಿಗೆ ಸೆಕೆಂಡ್ ಗೊತ್ತಾ? ನಮ್ಮಲ್ಲಿ ಬೆರಳುಗಳಿಗೆ ಸ್ನಾನ ಮಾಡಿಸುತ್ತೇವೆ. "ಹೆಬ್ಬೆರಳಣ್ಣನಿಗೆ ಸ್ನಾನ ಆಯ್ತಾ ಪುಟ್ಟಾ?" ಎಂದರೆ "ಆಯ್ತು ಅಜ್ಜಿ, ಕಿರುಬೆರಳು ತಂಗಿಗೆ ಇನ್ನೂ ಆಗಿಲ್ಲ" ಎಂದು ಉತ್ತರ ಬರುತ್ತದೆ. ಹತ್ತೂ ಬೆರಳಿಗೆ ಸ್ನಾನ ಆಗುವಷ್ಟರಲ್ಲಿ ಸಮಯ ತಾನಾಗಿ ಸರಿಹೋಗುತ್ತದೆ. ಕೈ ತೊಳೆಯುವಾಗ ಸಾಮಾನ್ಯವಾಗಿ ಬಿಟ್ಟುಹೋಗುವುದು ಹೆಬ್ಬೆರಳು, ಉಗುರಿನ ತುದಿ, ಉಂಗುರದ ಅಡಿ. ಉಗುರು ಕತ್ತರಿಸಿರಲಿ. ಉಂಗುರವನ್ನು ಬೆರಳಲ್ಲೇ ಹಿಂದೆಮುಂದೆ ಸರಿಸಿ ಉಜ್ಜಿ.

ನಲ್ಲಿಯಲ್ಲಿ ನೀರು ಬಾರದ ದಿನ ಒಬ್ಬರು ಮಗ್ಗಿನಿಂದ ಎರೆಯಲಿ, ಒಬ್ಬರು ತೊಳೆಯಲಿ. ಬಕೆಟ್ಟಿನೊಳಗೆ ಕೈ ಅದ್ದಿ ತೊಳೆದರೆ ಮೊದಲನೆಯವರ ಕೊಳೆ ನಾಲ್ಕನೆಯವರಿಗೆ ಸಿಗುತ್ತದೆ.

ತೊಳೆದ ಮೇಲೆ ಒರೆಸುವ ಬಟ್ಟೆ ಮುಖ್ಯ. ಬೇಸಿನ್ ಪಕ್ಕ ಇಡೀ ಮನೆಗೆ ಒಂದೇ ಟವೆಲ್ ನೇತುಹಾಕಿ, ಅದು ಸದಾ ಒದ್ದೆಯಾಗಿಯೇ ಇದ್ದರೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಲೆಸಿದ ಹಾಗೆ. ಹಳೆಯ ಕಾಟನ್ ಪಂಚೆ ಹರಿದು ಸಣ್ಣ ಸಣ್ಣ ತುಂಡು ಮಾಡಿ, ಒಬ್ಬೊಬ್ಬರಿಗೆ ಒಂದು ಕೊಡಿ. ಸಂಜೆ ಎಲ್ಲ ಒಗೆದು ಬಿಸಿಲಿಗೆ ಹಾಕಿ.

ಸ್ಯಾನಿಟೈಸರ್ ಬಗ್ಗೆ ಒಂದೇ ಮಾತು. ಬಸ್ಸಿನಲ್ಲಿ, ಪ್ರಯಾಣದಲ್ಲಿ ಸರಿ. 60%ಗಿಂತ ಹೆಚ್ಚು ಆಲ್ಕೋಹಾಲ್ ಇರಬೇಕು, ತಾನಾಗಿ ಒಣಗುವವರೆಗೆ ಉಜ್ಜಬೇಕು. ಆದರೆ ಮನೆಯಲ್ಲಿ ವಾಂತಿ-ಭೇದಿ ಇದ್ದಾಗ ಅದನ್ನು ನಂಬಬೇಡಿ. ಕೈಗೆ ಮಣ್ಣು, ಎಣ್ಣೆ ಅಂಟಿದ್ದರೂ ಅದು ಕೆಲಸ ಮಾಡುವುದಿಲ್ಲ.

ಮಗು ವಾಂತಿ ಮಾಡಿಕೊಂಡರೆ

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯಾಕೆಂದರೆ ಇದೊಂದರಲ್ಲಿ ಆತುರಪಟ್ಟರೆ ಇಡೀ ಮನೆ ಮಲಗುತ್ತದೆ.

ಮೊದಲ ಕೆಲಸ ಮೇಲಿನ ಫ್ಯಾನ್ ಆರಿಸುವುದು. ವಾಂತಿಯ ಸಣ್ಣ ಹನಿಗಳು ಗಾಳಿಯಲ್ಲೂ ತೇಲುತ್ತವೆ, ಫ್ಯಾನ್ ಅವನ್ನು ಕೋಣೆ ತುಂಬ ಹರಡುತ್ತದೆ. ಕಿಟಕಿ ತೆರೆಯಿರಿ. ಮಗುವನ್ನು ಒಬ್ಬರು ನೋಡಿಕೊಳ್ಳಲಿ, ಉಳಿದ ಮಕ್ಕಳು ಬೇರೆ ಕೋಣೆಗೆ ಹೋಗಲಿ.

ಕೈಗೆ ಗ್ಲೌಸ್ ಹಾಕಿ. ಇಲ್ಲದಿದ್ದರೆ ತೂತಿಲ್ಲದ ಪ್ಲಾಸ್ಟಿಕ್ ಕವರ್ ಕಟ್ಟಿಕೊಳ್ಳಿ. ಮೂಗು-ಬಾಯಿಗೆ ಮಾಸ್ಕ್. ಹಳೆಯ ನ್ಯೂಸ್‌ಪೇಪರ್ ಮೇಲೆ ಹಾಕಿ ಹೀರಲು ಬಿಡಿ, ಆಮೇಲೆ ಅಂಚಿನಿಂದ ನಡುವಿನ ಕಡೆಗೆ ಒಟ್ಟುಮಾಡಿ ಎತ್ತಿ ಕವರಿಗೆ ಹಾಕಿ ಕಟ್ಟಿ. ಪೊರಕೆ ಬೇಡ. ಮಾಪ್ ಕೂಡ ಆಗಲೇ ಬೇಡ, ಅದು ಒಂದು ಅಡಿ ಜಾಗದ್ದನ್ನು ಹತ್ತು ಅಡಿಗೆ ಬಳಿಯುತ್ತದೆ. ಎತ್ತಿದ ಮೇಲೆ ಸೋಪು ನೀರಿನಲ್ಲಿ ಆ ಜಾಗ ತೊಳೆಯಿರಿ. ಇದನ್ನು ಬಿಟ್ಟು ನೇರ ಹೈಪೋ (ಬ್ಲೀಚ್) ಸುರಿದರೆ ಪ್ರಯೋಜನ ಇಲ್ಲ. ಕೊಳೆಯ ಜೊತೆ ಸೇರಿ ಕ್ಲೋರಿನ್ ಖಾಲಿಯಾಗಿಬಿಡುತ್ತದೆ, ವೈರಸ್ಸಿಗೆ ಏನೂ ಉಳಿಯುವುದಿಲ್ಲ.

ಈಗ ಹೈಪೋ. ಅಂದರೆ ಸೋಡಿಯಂ ಹೈಪೋಕ್ಲೋರೈಟ್, ಅಂಗಡಿಯಲ್ಲಿ ಬ್ಲೀಚ್ ಎಂದೂ ಕೊಡುತ್ತಾರೆ. ಬಾಟಲಿ ಮೇಲೆ ಎಷ್ಟು ಪರ್ಸೆಂಟ್ ಎಂದು ಓದಿ, ಬರೆದಿಲ್ಲದ ಬಾಟಲಿ ಕೊಳ್ಳಬೇಡಿ. 5% ಇದ್ದರೆ ಚಿಲಕ, ನಲ್ಲಿ, ಆಟಿಕೆಗೆ 1 ಲೀಟರ್ ತಣ್ಣೀರಿಗೆ 20 ಎಂಎಲ್. ವಾಂತಿ, ಭೇದಿ ಬಿದ್ದ ಜಾಗಕ್ಕೆ 1 ಲೀಟರಿಗೆ 100 ಎಂಎಲ್. 4% ಇದ್ದರೆ 25 ಮತ್ತು 125. ಅಳತೆಗೆ ಒಂದು ಮುಚ್ಚಳ ಬೇರೆಯೇ ಇಡಿ, ಸಿರಪ್ಪಿನ ಮುಚ್ಚಳ ತೆಗೆದುಕೊಂಡರೆ ಅದು ಮತ್ತೆ ಸಿರಪ್ಪಿಗೆ ಹೋಗಕೂಡದು. ನೆಲದ ಮೇಲೆ ಹಾಕಿ 10 ನಿಮಿಷ ಒದ್ದೆಯಾಗಿಯೇ ಬಿಡಿ. ತಕ್ಷಣ ಒರೆಸಿಬಿಟ್ಟರೆ ಹಾಕಿದ್ದೂ ಒಂದೇ, ಹಾಕದಿದ್ದದ್ದೂ ಒಂದೇ. ಆಮೇಲೆ ಬರೀ ನೀರಿನಲ್ಲಿ ಒರೆಸಿ. ಬಣ್ಣದ ಬಟ್ಟೆಗೆ ತಾಗಿದರೆ ಬಣ್ಣ ಹೋಗುತ್ತದೆ, ಸ್ಟೀಲಿಗೆ ಕಲೆ ಬೀಳುತ್ತದೆ.

ಇಲ್ಲಿ ಒಂದು ಎಚ್ಚರಿಕೆ, ಇದಕ್ಕೆ ರಿಯಾಯಿತಿ ಇಲ್ಲ. ಹೈಪೋವನ್ನು ಟಾಯ್ಲೆಟ್ ಕ್ಲೀನರ್, ಆ್ಯಸಿಡ್, ವಿನೆಗರ್ ಜೊತೆ ಸೇರಿಸಬೇಡಿ. ವಿಷದ ಕ್ಲೋರಿನ್ ಗಾಳಿ ಬರುತ್ತದೆ. ಅಮೋನಿಯಾ ಇರುವ ಕ್ಲೀನರ್ ಜೊತೆಗೂ ಬೇಡ. "ಎರಡೂ ಹಾಕಿದ್ರೆ ಇನ್ನೂ ಕ್ಲೀನ್ ಅಲ್ವಾ" ಎಂದು ಬಾಗಿಲು ಮುಚ್ಚಿದ ಬಾತ್‌ರೂಮಿನಲ್ಲಿ ಎರಡನ್ನೂ ಸುರಿಯುವವರಿದ್ದಾರೆ. ಆಸ್ಪತ್ರೆಗೆ ಹೋಗುವ ದಾರಿ ಅದು.

ಫಿನಾಯಿಲ್? ವಾಸನೆಗೆ ಹಾಕಿಕೊಳ್ಳಿ, ಬೇಡ ಅನ್ನುವುದಿಲ್ಲ. ಪೈನ್ ಎಣ್ಣೆಯ ಬಿಳಿ ಫಿನಾಯಿಲ್ ಈ ಹೊದಿಕೆಯಿಲ್ಲದ ಗಟ್ಟಿ ವೈರಸ್‌ಗಳ ಮೇಲೆ ನಂಬುವಂಥ ಕೆಲಸ ಮಾಡುವುದಿಲ್ಲ.

ವಾಂತಿಯಾದ ಬಟ್ಟೆಯನ್ನು ಕೊಡವಬೇಡಿ. ಗಟ್ಟಿಯಾದದ್ದನ್ನು ಟಾಯ್ಲೆಟ್‌ಗೆ ಉದುರಿಸಿ, ಬೇರೆಯಾಗಿ ಬಿಸಿನೀರಲ್ಲಿ ಸೋಪಿನ ಪುಡಿ ಹಾಕಿ ಒಗೆದು, ಬಿಸಿಲಲ್ಲಿ ಗರಿಗರಿ ಒಣಗಿಸಿ. ಕೊನೆಗೆ ಗ್ಲೌಸ್ ಬಿಚ್ಚಿ ಕೈ ತೊಳೆಯಿರಿ, ಸೋಪಿನಲ್ಲಿ.

ವಾಂತಿ-ಭೇದಿ ಪೂರ್ತಿ ನಿಂತ ಮೇಲೂ 48 ಗಂಟೆ ಮಗುವನ್ನು ಕಳಿಸಬೇಡಿ ಎನ್ನುವುದು ನಮ್ಮ ಡೇ ಕೇರ್ ನಿಯಮ. ಇದಕ್ಕೆ ಅಮ್ಮಂದಿರ ಹತ್ತಿರ ಬೈಸಿಕೊಂಡಿದ್ದೇನೆ. ರಜೆ ಸಿಗುವುದಿಲ್ಲ, ಅವರ ಕಷ್ಟ ನನಗೂ ಗೊತ್ತು. ಆದರೂ ನಿಯಮ ನಿಯಮವೇ. ಅಡುಗೆ ಮಾಡುವವರಿಗೂ ಇದೇ. ಭೇದಿ ಇರುವವರು, ನಿಂತು ಎರಡು ದಿನ ಆಗದವರು ಕೋಸಂಬರಿ ಕಲೆಸಬಾರದು, ಹಣ್ಣು ಹೆಚ್ಚಬಾರದು, ಮೊಸರನ್ನಕ್ಕೆ ಕೈ ಹಾಕಬಾರದು. ಕುದಿಯುವ ಸಾರಿಗಿಂತ ಕೈಯಲ್ಲಿ ಕಲೆಸಿ ಹಾಗೇ ಬಡಿಸುವ ಪದಾರ್ಥವೇ ಅಪಾಯ. ಮಗುವಿಗೆ ಓಆರ್‌ಎಸ್ ಕೊಡುತ್ತಿರಿ. ಮೂತ್ರ ಕಡಿಮೆಯಾದರೆ, ಕಣ್ಣು ಗುಳಿಬಿದ್ದರೆ, ತೂಕಡಿಸುತ್ತಿದ್ದರೆ ಡಾಕ್ಟರ ಹತ್ತಿರ ಓಡಿ. ಕೂಸುಗಳಿರುವವರಿಗೆ ಇನ್ನೊಂದು ಮಾತು: ರೋಟಾವೈರಸ್ ಲಸಿಕೆ ಸರ್ಕಾರಿ ಆಸ್ಪತ್ರೆಗಳಲ್ಲಿ 6, 10, 14ನೇ ವಾರಕ್ಕೆ ಉಚಿತವಾಗಿ ಹಾಕುತ್ತಾರೆ, ಬಾಯಿಗೆ ಹಾಕುವಂಥದ್ದು. ತಪ್ಪಿಸಬೇಡಿ.

ಕಾಡಿಗೆ ಡಬ್ಬಿ, ಆಟಿಕೆ, ಫೋನು

2023ರ ಜುಲೈ-ಆಗಸ್ಟ್‌ನಲ್ಲಿ ರಾಜ್ಯದ ತುಂಬ ಮದ್ರಾಸ್ ಐ ಹಬ್ಬಿದ್ದು ನೆನಪಿರಬಹುದು. ಕೆಂಗಣ್ಣಿನವರನ್ನು ನೋಡಿದರೆ ಬರುತ್ತದೆ ಎಂದು ಕಪ್ಪು ಕನ್ನಡಕ ಹಾಕಿಸಿದ್ದೇ ಹಾಕಿಸಿದ್ದು. ನೋಡಿದರೆ ಬರುವುದಿಲ್ಲ. ಕಣ್ಣು ಉಜ್ಜಿದ ಕೈ, ಆ ಕೈ ಮುಟ್ಟಿದ ಟವೆಲ್, ದಿಂಬಿನ ಕವರ್, ಇವುಗಳಿಂದ ಬರುತ್ತದೆ. ಕನ್ನಡಕದಿಂದ ಆಗುವ ಒಂದೇ ಉಪಕಾರ ಅಂದರೆ ಕಣ್ಣು ಉಜ್ಜುವುದು ಕಡಿಮೆಯಾಗುತ್ತದೆ. ನಮ್ಮಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ ಇನ್ನೊಂದು ವಸ್ತು ಕಾಡಿಗೆ ಡಬ್ಬಿ. ಒಂದೇ ಬೆರಳು, ಅಕ್ಕನ ಕಣ್ಣು, ತಂಗಿಯ ಕಣ್ಣು, ಮತ್ತೆ ಡಬ್ಬಿ. ಕೆಂಗಣ್ಣು ಬಂದ ಮನೆಯಲ್ಲಿ ಆ ಡಬ್ಬಿಯನ್ನು ಎಸೆಯಿರಿ. ಕಣ್ಣಿನ ಡ್ರಾಪ್ಸ್ ಕೂಡ ಒಬ್ಬರದು ಇನ್ನೊಬ್ಬರಿಗೆ ಬೇಡ, ಬಾಟಲಿಯ ಮೂತಿ ರೆಪ್ಪೆಗೆ ತಾಗಬಾರದು.

ಕೈ-ಕಾಲು-ಬಾಯಿ ರೋಗದಲ್ಲಿ ಒಂದು ತೊಂದರೆ ಇದೆ. ಗುಳ್ಳೆ ಒಣಗಿ ಮಗು ಆಡಿಕೊಂಡಿದ್ದರೂ ಮಲದಲ್ಲಿ ವೈರಸ್ ವಾರಗಟ್ಟಲೆ ಬರುತ್ತಿರುತ್ತದೆ. ಅಷ್ಟು ದಿನ ಮಗುವನ್ನು ಮನೆಯಲ್ಲಿ ಕೂರಿಸಲಾಗುವುದಿಲ್ಲ. ಹಾಗಾಗಿ ಡೈಪರ್ ಬದಲಿಸಿದವರ ಕೈಯೇ ಬೇಲಿ. ಡೈಪರ್ ಬದಲಿಸುವ ಜಾಗ ಊಟದ ಮೇಜಿನಿಂದ, ಆಟದ ಚಾಪೆಯಿಂದ ದೂರ ಇರಲಿ. ಮಗುವಿನ ಕೈಯನ್ನೂ ತೊಳೆಸಿ.

ಪ್ಲಾಸ್ಟಿಕ್ ಆಟಿಕೆಗಳನ್ನು ವಾರಕ್ಕೊಮ್ಮೆ ಸೋಪು ನೀರಿನ ಟಬ್ಬಿಗೆ ಹಾಕಿ ಉಜ್ಜಿ, ತೊಳೆದು, ಬಿಸಿಲಿಗಿಡಿ. ಯಾವುದಾದರೂ ಬಾಯಿಗೆ ಹೋಯಿತೋ, ಅದು ಆ ದಿನಕ್ಕೆ ಒಂದು ಬುಟ್ಟಿಗೆ. ನಮ್ಮಲ್ಲಿ ಕೆಂಪು ಬುಟ್ಟಿ ಇದೆ, ಎರಡು ವರ್ಷದ ಮಗುವೂ "ಅಜ್ಜಿ, ಇದು ಕಚ್ಚಿದ್ದು" ಎಂದು ತಂದು ಹಾಕುತ್ತದೆ. ತೊಳೆಯಲು ಬಾರದ ಗೊಂಬೆಯನ್ನು ನಾನು ತರುವುದೇ ಇಲ್ಲ.

ಫೋನನ್ನು ಟಾಯ್ಲೆಟ್‌ಗೆ ಒಯ್ಯಬೇಡಿ. ಇಷ್ಟು ಮಾಡಿದರೆ ಅರ್ಧ ಕೆಲಸ ಮುಗಿಯಿತು. ಒರೆಸುವುದಾದರೆ ಕವರ್ ತೆಗೆದು, 70% ಐಸೊಪ್ರೊಪೈಲ್ ಆಲ್ಕೋಹಾಲ್ ಮೆತ್ತನೆ ಬಟ್ಟೆಗೆ ಹಾಕಿ ಒರೆಸಿ, ಫೋನಿನ ಮೇಲೆ ನೇರವಾಗಿ ಸ್ಪ್ರೇ ಮಾಡಬೇಡಿ. ನೋಟು ಎಣಿಸುವಾಗ ಬೆರಳನ್ನು ನಾಲಿಗೆಗೆ ಮುಟ್ಟಿಸುವವರಿಗೆ ಏನು ಹೇಳಬೇಕೋ ನನಗೆ ತಿಳಿಯದು. ಅಂಗಡಿಯವರ ಹತ್ತಿರ ಒದ್ದೆ ಸ್ಪಂಜಿನ ಡಬ್ಬಿ ಇಟ್ಟುಕೊಳ್ಳಿ ಅಣ್ಣಾ ಎಂದು ಹೇಳಿ ನೋಡಿದ್ದೇನೆ.

ಅಡುಗೆಮನೆಯಲ್ಲಿ ಮಸಿಬಟ್ಟೆ ಒಂದು, ಕಟ್ಟೆ ಒರೆಸುವ ಬಟ್ಟೆ ಒಂದು, ಕೈ ಒರೆಸುವುದು ಇನ್ನೊಂದು. ಮೂರೂ ಬೇರೆ ಬೇರೆ ಬಣ್ಣದಲ್ಲಿದ್ದರೆ ಜಗಳ ಇಲ್ಲ. ರಾತ್ರಿ ಒಗೆದು ಹರಡಿ ಒಣಗಿಸಿ, ಮುದ್ದೆ ಮಾಡಿ ಸಿಂಕಿನ ಪಕ್ಕ ಇಡಬೇಡಿ. ಫ್ರಿಜ್ಜಿನ ಹಿಡಿ ಮತ್ತು ಗ್ಯಾಸ್ ಒಲೆಯ ತಿರುಪನ್ನು ಪಾತ್ರೆ ತೊಳೆದಾದ ಮೇಲೆ ಅದೇ ಸೋಪಿನ ಕೈಯಲ್ಲಿ ಒಮ್ಮೆ ಸವರಿ, ಒದ್ದೆ ಬಟ್ಟೆಯಲ್ಲಿ ಒರೆಸಿಬಿಡಿ.

ಹೈಪೋ ಇಡುವ ಜಾಗದ ಬಗ್ಗೆ. ನೀರು ಬೆರೆಸಿದ್ದು ಆ ದಿನಕ್ಕೇ ಮುಗಿಯಬೇಕು, ಉಳಿದರೆ ಚೆಲ್ಲಿ. ಬೆರೆಸದ ಬಾಟಲಿಯೂ ಬಿಸಿಲು, ಸೆಕೆಗೆ ಶಕ್ತಿ ಕಳೆದುಕೊಳ್ಳುತ್ತದೆ. ಅದಕ್ಕೇ ದೊಡ್ಡ ಕ್ಯಾನ್ ತರಬೇಡಿ, ಕೊಂಡ ತಿಂಗಳನ್ನು ಬಾಟಲಿಯ ಮೇಲೆ ಬರೆದಿಡಿ. ನೀರಿನ ಬಾಟಲಿಗೋ ಜ್ಯೂಸಿನ ಬಾಟಲಿಗೋ ತುಂಬಿ ಇಡಬೇಡಿ, ಮಗು ಕುಡಿದುಬಿಡುತ್ತದೆ. ನಮ್ಮದು ಸಜ್ಜೆಯ ಮೇಲೆ, ಬೀಗ ಇರುವ ಕಬೋರ್ಡಿನಲ್ಲಿ ಇದೆ. ಕಣ್ಣಿಗೆ ಹಾರಿದರೆ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಡಾಕ್ಟರಿಗೆ ತೋರಿಸಿ. ಮಗು ಕುಡಿದಿದ್ದರೆ ವಾಂತಿ ಮಾಡಿಸಲು ಹೋಗಬೇಡಿ. ಬಾಟಲಿಯನ್ನೂ ಕೈಯಲ್ಲಿ ಹಿಡಿದು ನೇರ ಆಸ್ಪತ್ರೆಗೆ ಹೋಗಿ.